ಬಲಮಗ್ಗುಲಿನ ತಾಯಿ

ಐಶ್ವರ್ಯಾ ಒಂದು ಕಡೆ ನೆಟ್ಟಗೆ ಕೂತಿದ್ದನ್ನು ಕಂಡವರು ನಾರಾಯಣಗೂಡದಲ್ಲಿ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಪುಣ್ಯಕ್ಕೆ ಸೀಟು ಸಿಕ್ಕರೂ ಎದ್ದು ಜಾಗ ಬದಲಾಯಿಸುವಳು. ಮದುವೆಯ ಊಟಕ್ಕೆ ಕೂತರೆ ಬಡಿಸುವವರು ಬರುವ ಹೊತ್ತಿಗೆ ಸರಿಯಾಗಿ ಎಲೆ ಬಿಟ್ಟು ಪಕ್ಕದ ಎಲೆಗೆ ಸರಿಯುವಳು. ರಸ್ತೆಯಲ್ಲಿ ಮಗಳ ಈ ಕೈ ಬಿಟ್ಟು ಆ ಕೈ ಹಿಡಿಯುವಳು, ಮತ್ತೆ ತಿರುವು ಬಂದರೆ ಸುತ್ತು ಹಾಕಿಕೊಂಡು ಬಂದು ಮೊದಲಿನ ಕೈಯನ್ನೇ ಹಿಡಿಯುವಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದಾಳೆ ಎಂದು ಅಪಾರ್ಟ್‌ಮೆಂಟಿನವರು ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು ಗೊತ್ತು. ಅವಳು ಮಗಳ ಬಲಮಗ್ಗುಲನ್ನು ಹುಡುಕಿಕೊಂಡು ತಿರುಗುತ್ತಿದ್ದಳು.

ಐದು ವರ್ಷದ ಅನ್ವಿತಾಳಿಗೆ ಎಡಗಿವಿ ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದಲೇ ಆ ಕಿವಿಯ ನರ ಬೆಳೆದಿಲ್ಲ, ಮಷೀನು ಹಾಕಿದರೂ ಅಲ್ಲಿ ಉಪಯೋಗವಿಲ್ಲ, ಆದರೆ ಬಲಗಿವಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದರು. ಅದು ಬೆಳಕಿಗೆ ಬಂದದ್ದೇ ತಡವಾಗಿ. ಕರೆದರೆ ತಿರುಗುವ, ಟಿವಿಯ ಹಾಡಿಗೆ ಕುಣಿಯುವ ಮಗುವಿನ ಕಿವಿಯ ಮೇಲೆ ಯಾರಿಗೆ ಅನುಮಾನ ಬಂದೀತು? ಮಾತು ಮಾತ್ರ ಬರುತ್ತಿರಲಿಲ್ಲ. ಬಂದದ್ದೂ ಒಂದೊಂದೇ ತುಣುಕು. ‘ನೀರು’, ‘ಬಾ’, ‘ಬ್ಯಾಡ’. ಮಿಕ್ಕಿದ್ದಕ್ಕೆಲ್ಲ ‘ಹೂಂ’. ಏನು ಕೇಳಿದರೂ ಹೂಂ ಎನ್ನುವ ಮಗುವನ್ನು ಜನ ಶಾಣ್ಯಾ ಕೂಸು ಎಂದು ಹೊಗಳುತ್ತಿದ್ದರು. ಅರ್ಥವಾಗದಿದ್ದಾಗ ಹೇಳುವ ಹೂಂ ಅದು ಎಂಬುದು ಐಶ್ವರ್ಯಾಳಿಗೆ ಒಬ್ಬಳಿಗೇ ಗೊತ್ತಿತ್ತು.

ಮಾತು ತಡವಾದದ್ದಕ್ಕೆ ಎಲ್ಲರ ಬಳಿಯೂ ಒಂದೊಂದು ಕಾರಣ ಸಿದ್ಧವಿತ್ತು. ಬಾಲಾನಗರದಲ್ಲಿ ಕಿರಿಮಗ ತರುಣನ ಜೊತೆಗಿದ್ದ ಅತ್ತೆ ಸೂಗಮ್ಮ ತೆಲುಗಿನ ಮೇಲೆ ಹರಿಹಾಯುತ್ತಿದ್ದರು. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ತೆಲುಗು, ಕೆಲಸದವಳ ಜೋಡಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಕೂಸು ಯಾವುದನ್ನಂತ ಹಿಡಿಯಬೇಕು ಎನ್ನುವುದು ಅವರ ವಾದ. ಶಾಲೆಯ ಟೀಚರಮ್ಮ ಅದೇ ವಾದವನ್ನು ತಿರುಗಿಸಿ ಹಿಡಿದು, ಮನೆಯಲ್ಲಿ ಆ ಕನ್ನಡವೊಂದನ್ನು ನಿಲ್ಲಿಸಿಬಿಡಿ ಎಂದಿದ್ದಳು. ಐಶ್ವರ್ಯಾ ಇಬ್ಬರಿಗೂ ತಲೆಯಾಡಿಸಿ ಬಂದಳು. ಅವರಿಬ್ಬರ ತಪ್ಪು ತಿಳಿವಳಿಕೆ ಅವಳಿಗೆ ಬಿಸಿಲಲ್ಲಿ ಸಿಕ್ಕ ನೆರಳಿನಂತೆ ಅನುಕೂಲವಾಗಿತ್ತು. ಭಾಷೆಗಳ ಮೇಲೆ ತಪ್ಪು ಹೊರಿಸಿದರೆ ಭಾಷೆಗಳೇನು ಬಂದು ಜಗಳ ಮಾಡುವುದಿಲ್ಲ.

ಮಾತು ಕಲಿಸುವ ಸುಮತಿ ಮೇಡಂ ಮಾತ್ರ ಈ ನೆರಳಿನಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ. ಅನ್ವಿತಾ ವಾರಕ್ಕೊಮ್ಮೆ ಹೋಗುತ್ತಿದ್ದದ್ದು ಅವರ ಬಳಿಗೇ. ನಾಲ್ಕು ಭಾಷೆ ಕಿವಿಗೆ ಬಿದ್ದರೂ ಮಕ್ಕಳು ಕಲಿಯುತ್ತಾರೆ, ನೀವು ನಿಮ್ಮ ಕನ್ನಡವನ್ನು ಧಾರಾಳವಾಗಿ ಆಡಿ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ತೊಂದರೆಯಿರುವುದು ಗದ್ದಲದಲ್ಲಿ. ಒಂದೇ ಕಿವಿಯಿದ್ದರೆ ಸದ್ದು ಯಾವ ಕಡೆಯಿಂದ ಬಂತು ಎಂಬುದು ಸರಿಯಾಗಿ ತಿಳಿಯುವುದಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಎಲ್ಲವೂ ಕಲಸಿದ ಅನ್ನದ ಹಾಗೆ ಒಂದೇ ಮುದ್ದೆಯಾಗುತ್ತದೆ. ಅದಕ್ಕೆ ಶಾಲೆಯಲ್ಲಿ ಹೇಳಿ, ಮುಂದಿನ ಸಾಲಿನಲ್ಲಿ ಎಡಗಡೆಯ ಗೋಡೆಗೆ ಕೂರಿಸಲಿ. ಮನೆಯವರಿಗೆಲ್ಲ ಹೇಳಿ, ಎದುರು ನಿಂತು ಮಾತಾಡಲಿ. ಮುಖ್ಯವಾಗಿ, ಅವಳನ್ನು ಕೇಳಿದ್ದಕ್ಕೆ ನೀವು ಉತ್ತರ ಕೊಡಬೇಡಿ.

ಈ ಕೊನೆಯ ಮಾತು ಐಶ್ವರ್ಯಾಳಿಗೆ ಚುಚ್ಚಿತು. ಆದರೂ ಪಾಲಿಸಲಿಲ್ಲ. ಹೇಗೆ ಪಾಲಿಸುತ್ತಾಳೆ? ಅವಳ ತವರು ಭಾಲ್ಕಿಯ ಓಣಿಯಲ್ಲಿ ಕಾಲು ಎಳೆದು ನಡೆಯುವ ಹೆಂಗಸೊಬ್ಬಳಿದ್ದಳು. ಬಲು ಚಂದದ ರಂಗೋಲಿ ಹಾಕುತ್ತಿದ್ದಳು, ಹಬ್ಬಕ್ಕೆ ಓಣಿಯ ಹುಡುಗಿಯರಿಗೆಲ್ಲ ಜಡೆ ಹೆಣೆಯುತ್ತಿದ್ದಳು. ಅವಳ ಹೆಸರೇನೆಂದು ಐಶ್ವರ್ಯಾಳಿಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲರೂ ಕುಂಟಿ ಎನ್ನುತ್ತಿದ್ದರು, ಇವಳೂ ಕುಂಟಿ ಎಂದೇ ಕರೆದು ಜಡೆ ಹಾಕಿಸಿಕೊಂಡಿದ್ದಳು. ಡಾಕ್ಟರ ಮಾತು ಕೇಳಿ ಹೊರಗೆ ಬಂದ ದಿನ ಅವಳ ಕಣ್ಣಿಗೆ ಬಂದು ನಿಂತದ್ದು ಆ ಹೆಂಗಸು. ನಂಟರಿಗೆ ಒಂದು ಸಲ ಗೊತ್ತಾದರೆ ಮುಗಿಯಿತು, ಬೀದರದಿಂದ ಸಿಕಂದರಾಬಾದಿನ ತನಕ ಎಲ್ಲರ ಬಾಯಲ್ಲೂ ತನ್ನ ಮಗಳು ಕಿವುಡಿ. ಗಂಡ ರಾಹುಲನೂ ಅದಕ್ಕೆ ಒಪ್ಪಿದ. ಅವನು ಬಾಲಾನಗರದ ಕಾರ್ಖಾನೆಯೊಂದರಲ್ಲಿ ದಿನವಿಡೀ ಲೇತ್ ಮಷೀನುಗಳ ಗದ್ದಲದಲ್ಲಿ ಇರುವವನು, ಮನೆಗೆ ಬಂದರೆ ಗದ್ದಲ ಬೇಡವಾದವನು. ಒಂದು ಕಿವಿ ನೆಟ್ಟಗಿರುವಾಗ ಊರಿಗೆಲ್ಲ ಡಂಗುರ ಯಾಕೆ ಎಂದ. ಅಲ್ಲಿಗೆ ವಿಷಯಕ್ಕೆ ಬೀಗ ಬಿತ್ತು. ಮಗಳ ಎದುರಿಗಂತೂ ಕಿವಿಯ ಮಾತೇ ಎತ್ತುತ್ತಿರಲಿಲ್ಲ. ಎತ್ತಿದರೆ ಅವಳು ಎಲ್ಲಿ ಯಾರಿಗೆ ಹೇಳಿಬಿಡುತ್ತಾಳೋ ಎಂಬ ಭಯ.

ಹೀಗೆ ಬಲಮಗ್ಗುಲಿಗೆ ನಿಂತು, ಎಲ್ಲರ ಪ್ರಶ್ನೆಗೂ ತಾನೇ ಉತ್ತರ ಕೊಟ್ಟು, ಐಶ್ವರ್ಯಾ ಹೇಗೋ ದಿನ ದೂಡುತ್ತಿದ್ದಳು. ಅಷ್ಟರಲ್ಲಿ ತರುಣನ ಹೆಂಡತಿ ಸಿಂಚನಾ ಗಂಡುಮಗುವನ್ನು ಹೆತ್ತಳು. ಎಲ್ಲರಿಗೂ ಸಂತೋಷ, ಐಶ್ವರ್ಯಾಳಿಗೂ ಸಂತೋಷವೇ. ಸೂಗಮ್ಮನ ಫೋನು ಬರುವ ತನಕ.

ಅವರ ಮನೆತನದಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ಅವಳು ಬಗ್ಗಿ ಕುರ್ರ್ ಎಂದು ಹೆಸರು ಹೇಳುತ್ತಿದ್ದಂತೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಆಮೇಲೆ ನಗಬೇಕು, ಆಮೇಲೆ ಗುಗ್ಗರಿ ಹಂಚಬೇಕು. ಆದರೆ ಸೂಗಮ್ಮನಿಗೆ ರಾಹುಲ, ತರುಣ ಇಬ್ಬರೇ ಗಂಡುಮಕ್ಕಳು. ಸೋದರತ್ತೆ ಎನ್ನುವವಳೇ ಇಲ್ಲ.

“ನಮ್ಮ ಮನ್ಯಾಗಿರೋ ಹೆಣ್ಣಮಗಳು ಅಂದ್ರ ಅನ್ವಿತಾ ಒಬ್ಬಾಕಿ,” ಎಂದರು ಸೂಗಮ್ಮ. “ಆಕೀನ ಹೆಸರು ಕರೀಬೇಕು. ಅಕ್ಕನ ಬಾಯಿಂದ ತಮ್ಮನ ಹೆಸರು ಬರಲಿ.”

ಐಶ್ವರ್ಯಾಳಿಗೆ ಆ ದಿನ ಆಗಲೇ ಕಣ್ಣಿಗೆ ಕಟ್ಟಿತು. ಮನೆಯ ತುಂಬ ಬೀದರದ ನಂಟರು, ನಡುವೆ ತೊಟ್ಟಿಲು, ಎಲ್ಲರ ಕಣ್ಣೂ ಅನ್ವಿತಾಳ ಬಾಯಿಯ ಮೇಲೆ. ಹುಮ್ನಾಬಾದಿನ ಚಿಕ್ಕತ್ತೆಯ ಮಗಳನ್ನು ಕರೆಸೋಣ, ಹಿರಿಯವಳು, ಚೆನ್ನಾಗಿ ಹೇಳುತ್ತಾಳೆ ಎಂದು ನಯವಾಗಿ ಹೇಳಿ ನೋಡಿದಳು. ಸಣ್ಣ ಕೂಸು ಹೆದರುತ್ತದೆ ಎಂದಳು. ಶಾಲೆಗೆ ರಜೆ ಸಿಗಲಿಕ್ಕಿಲ್ಲ ಎಂದೂ ಹೇಳಿದಳು, ಭಾನುವಾರದ ಕಾರ್ಯಕ್ಕೆ ಯಾವ ಶಾಲೆಯ ರಜೆ ಎಂದು ಕೇಳಿಸಿಕೊಂಡು ಪೆಚ್ಚಾದಳು. ಸೂಗಮ್ಮ ಒಮ್ಮೆ ಹೇಳಿದರೆ ತಲೆ ಮೇಲೆ ತಲೆ ಬಿದ್ದರೂ ಮಾತು ಬದಲಾಯಿಸುವವರಲ್ಲ. ಮೊಮ್ಮಗಳಿಗೆ ಮಾತು ಕಡಿಮೆ ಎಂದೇ ಅವರಿಗೆ ಈ ಹಟ. ಶುಭಕಾರ್ಯದಲ್ಲಿ ಬಾಯಿ ಬಿಟ್ಟರೆ ಮುಂದೆ ತಾನಾಗಿಯೇ ಹರಿಯುತ್ತದೆ ಎಂಬ ನಂಬಿಕೆ.

ಮೇಲಾಗಿ ಹೆಸರು ನೋಡಿ, ಋಷಭ್. ಸಿಂಚನಾ ಮೈಸೂರಿನವಳು, ತರುಣನ ಕಂಪನಿಯಲ್ಲೇ ಕೆಲಸ, ಇಬ್ಬರೂ ಕೂಡಿ ಮೊಬೈಲಿನಲ್ಲಿ ಹುಡುಕಿ ತೆಗೆದ ಹೆಸರಂತೆ. ದೊಡ್ಡವರ ನಾಲಿಗೆಯೇ ಎಡವುವಂಥದ್ದನ್ನು ಇಟ್ಟುಕೊಂಡಿದ್ದಾರೆ, ಮನೆಯಲ್ಲಿ ಅಕ್ಕನೊಬ್ಬಳು ಇದ್ದಾಳೆಂಬ ವಿಚಾರ ಬೇಡವೇ ಎಂದು ಐಶ್ವರ್ಯಾ ಅಡಿಗೆಮನೆಯ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಅವತ್ತಿನಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ದಿಂಬಿಗೆ ಟವಲು ಸುತ್ತಿ ಕೂಸು ಮಾಡಿದಳು. ಅನ್ವಿತಾ ಬಗ್ಗಬೇಕು, ಕುರ್ರ್ ಎನ್ನಬೇಕು, ಋಷಭ್ ಎನ್ನಬೇಕು. ಮೊದಲು ಬಂದದ್ದು ಉಸಬ್. ಆಮೇಲೆ ಲುಸಬ್. ಒಮ್ಮೆಯಂತೂ ಬೇಸತ್ತು ‘ಹೂಂ’ ಎಂದುಬಿಟ್ಟಳು. ಶಾಲೆಯಿಂದ ಬಂದ ಕೂಡಲೇ ದಿಂಬು, ಹಾಲು ಕುಡಿಯುವಾಗ ದಿಂಬು, ಹೋಮ್‌ವರ್ಕಿನ ನಡುವೆ ದಿಂಬು. ಮಗು ಪಾಪ ಎಷ್ಟು ಹೊತ್ತು ತಡೆದೀತು, ಒಂದು ಸಂಜೆ ದಿಂಬನ್ನು ಎತ್ತಿ ಮಂಚದ ಕೆಳಗೆ ತಳ್ಳಿ ಕೈಕಟ್ಟಿ ಕೂತಿತು. ಐಶ್ವರ್ಯಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟು ತೋರಿಸಿದಳು. ಅದನ್ನು ನೋಡಿ ರಾಹುಲ, ಇಷ್ಟು ಕಷ್ಟಪಡುವ ಬದಲು ಅವ್ವನಿಗೆ ಇದ್ದದ್ದನ್ನು ಹೇಳಿಬಿಟ್ಟರೆ ಹೇಗೆ ಎಂದ. ಮುಚ್ಚಿಡೋಣ ಎಂದವನೇ ಈಗ ಬಿಚ್ಚೋಣ ಎನ್ನುತ್ತಾನಲ್ಲ ಎಂದು ಅವನ ಮೇಲೂ ರೇಗಿದಳು.

ರೇಗಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಒಣಗಿದ ಬಟ್ಟೆ ಮಡಚಿದಳು, ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದಳು. ಹೇಳಿಬಿಡಲೇ ಎಂದು ಫೋನು ಕೈಗೆತ್ತಿಕೊಂಡಳು, ಅತ್ತೆಯ ನಂಬರು ತೆಗೆದಳು, ಇಟ್ಟಳು. ಭಾನುವಾರವೊಂದು ಕಳೆದುಹೋದರೆ ಸಾಕು, ಮುಂದಿನದು ಮುಂದೆ.

ಕಾರ್ಯದ ದಿನ ಮೂವರೂ ಆಟೋದಲ್ಲಿ ಬಾಲಾನಗರಕ್ಕೆ ಹೊರಟರು. ಅನ್ವಿತಾ ಹಸಿರು ಲಂಗ ಉಟ್ಟು ನಡುವೆ ಕೂತಿದ್ದಳು, ಬಲಕ್ಕೆ ಐಶ್ವರ್ಯಾ, ಎಡಕ್ಕೆ ರಾಹುಲ. ದಾರಿಯುದ್ದಕ್ಕೂ ತಾಯಿ ಹೆಸರು ಹೇಳಿಸಿದಳು. ಫ್ಲೈಓವರ್ ಕೆಳಗೆ ಲಾರಿಗಳ ಹಾರ್ನಿನ ನಡುವೆ ಮಗು ಒಮ್ಮೆ ಸ್ವಚ್ಛವಾಗಿ “ಋಷಬ್” ಎಂದಿತು. ಭಕಾರ ಹೋದರೆ ಹೋಗಲಿ ಎಂದು ಐಶ್ವರ್ಯಾ ಮಗಳ ಕೆನ್ನೆ ಹಿಂಡಿ ಮುದ್ದಿಟ್ಟಳು. ಡ್ರೈವರೂ ಕನ್ನಡಿಯಲ್ಲಿ ನೋಡಿ ತಲೆದೂಗಿದ, ಅಷ್ಟು ಹೊತ್ತಿಗೆ ಅವನಿಗೂ ಬಾಯಿಪಾಠವಾಗಿರಬೇಕು.

ತರುಣನ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಕಾರ್ಯ. ಒಳಗೆ ಕಾಲಿಟ್ಟ ಕೂಡಲೇ ಐಶ್ವರ್ಯಾಳ ಧೈರ್ಯ ಅರ್ಧ ಇಳಿಯಿತು. ಬರಿಗೋಡೆಯ ಹಾಲು, ಎಲ್ಲ ಸದ್ದೂ ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು. ಮೂಲೆಯಲ್ಲಿ ಡಬ್ಬಿಯಷ್ಟಿದ್ದ ಸ್ಪೀಕರು ಮನೆಯಷ್ಟು ಕಿರುಚುತ್ತಿತ್ತು. ಕುರ್ಚಿ ಎಳೆಯುವವರು, ಮಕ್ಕಳನ್ನು ಗದರುವವರು, ವರ್ಷದ ಮೇಲೆ ಭೇಟಿಯಾಗಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸುವ ನಂಟರು. ಆಟೋದಲ್ಲಿ ನಗುತ್ತಿದ್ದ ಮಗು ಇಲ್ಲಿ ಮುಖ ಗಂಟಿಕ್ಕಿ ತಾಯಿಯ ಸೆರಗು ಹಿಡಿಯಿತು. ಯಾರೋ ಹಿಂದಿನಿಂದ ಕರೆದರೆ ಮುಂದೆ ನೋಡಿತು, ಎಡದಿಂದ ಕರೆದರೆ ಬಲಕ್ಕೆ ತಿರುಗಿತು. ಕರೆದವರು ಎಷ್ಟು ಸೊಕ್ಕು ನೋಡು ಎಂದು ನಕ್ಕು ಮುಂದೆ ಹೋದರು.

ಎಷ್ಟನೇ ಕ್ಲಾಸು ಎಂದು ಒಬ್ಬರು ಕೇಳಿದರೆ ಐಶ್ವರ್ಯಾ ಯುಕೆಜಿ ಎಂದಳು. ಹೆಸರೇನು ಎಂದರೆ ಹೆಸರು ಹೇಳಿದಳು. ಲಂಗ ಯಾರು ಕೊಡಿಸಿದ್ದು ಎಂದರೆ ಅವಳ ಆಯಿ, ನಮ್ಮ ಅತ್ತೆ ಎಂದಳು. ಬೀದರದ ದೊಡ್ಡಮ್ಮ ಒಬ್ಬರು ಅಡಿಕೆ ಅಗಿಯುತ್ತ, ಎಲ್ಲಾ ನೀನೇ ಹೇಳತೀಯಲ್ಲ, ಕೂಸಿಗೆ ಬಾಯಿಲ್ಲೇನು ಎಂದು ಕೇಳಿಯೇಬಿಟ್ಟರು. ಐಶ್ವರ್ಯಾ ನಕ್ಕಳು. ಮೂರು ನಾಲ್ಕು ಭಾಷೆಯ ಊರಲ್ಲವೇ, ಸ್ವಲ್ಪ ನಿಧಾನ ಎಂದಳು. ಬಾಯಲ್ಲಿ ಸಲೀಸಾಗಿ ಬಂದ ಆ ಸುಳ್ಳು ಅವತ್ತು ಅವಳಿಗೇ ಅಸಹ್ಯ ಎನಿಸಿತು.

ಅಷ್ಟರಲ್ಲಿ ತೊಟ್ಟಿಲ ಹತ್ತಿರ ಹೆಂಗಸರು ನೆರೆದರು. ಮೊದಲು ಗುಂಡುಕಲ್ಲಿಗೆ ಕುಲಾವಿ ಹಾಕಿ ತೊಟ್ಟಿಲ ಕೆಳಗಿನಿಂದ ಇವರು ಕೊಟ್ಟು ಮೇಲಿನಿಂದ ಅವರು ತೆಗೆದುಕೊಂಡರು. ಆಮೇಲೆ ಕೂಸನ್ನು ಹಾಗೆಯೇ ದಾಟಿಸಿದರು. ಕಲ್ಲು ಸುಮ್ಮನಿತ್ತು, ಕೂಸು ಮಾತ್ರ ಚಾವಣಿ ಕಿತ್ತುಹೋಗುವಂತೆ ಅತ್ತಿತು. ಅದನ್ನು ತೊಟ್ಟಿಲಿನಲ್ಲಿ ಮಲಗಿಸಿ ಸಿಂಚನಾ ತಟ್ಟಿದಳು. ಸೂಗಮ್ಮ ಮೊಮ್ಮಗಳನ್ನು ಕೈಹಿಡಿದು ಕರೆದು ತೊಟ್ಟಿಲ ಪಕ್ಕದ ಮಣೆಯ ಮೇಲೆ ನಿಲ್ಲಿಸಿದರು.

ಐಶ್ವರ್ಯಾ ಬಲಮಗ್ಗುಲಿಗೆ ಹೋಗಬೇಕಿತ್ತು. ಹೋಗಲು ನೋಡಿದರೆ ಅಲ್ಲಿ ಅಡಿಕೆಯ ದೊಡ್ಡಮ್ಮ ಬಂಡೆಯಂತೆ ನಿಂತಿದ್ದರು, ಅವರ ಹಿಂದೆ ಬೆನ್ನಿಗೆ ಗುದ್ದಲು ಕೈ ತೀಡಿಕೊಂಡು ಇನ್ನೂ ನಾಲ್ವರು. ಜರಗಿರಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಸುತ್ತು ಹಾಕಿ ಬಂದರೂ ಸಿಕ್ಕಿದ್ದು ಎಡಗಡೆಯ ಒಂದಡಿ ಜಾಗ. ಆ ಕಡೆಯಿಂದ ಪಿಸುಗುಟ್ಟಿದರೂ ಒಂದೇ, ಬಿಟ್ಟರೂ ಒಂದೇ. ದೇವರೇ, ಉಸಬ್ ಎಂದಾದರೂ ಅನ್ನಿಸಪ್ಪಾ ಎಂದುಕೊಂಡಳು.

ಸ್ಪೀಕರು ನಿಲ್ಲಿಸಿದರು. ಸೂಗಮ್ಮ ಮೊಮ್ಮಗಳ ಎದುರು ಕೂತು, ಕಿವಿಯಲ್ಲಿ ಹೇಳು ಎಂದು ಕೈಸನ್ನೆ ಮಾಡಿ ತೋರಿಸಿದರು.

ಅನ್ವಿತಾ ಬಗ್ಗಿದಳು. ಬಗ್ಗಿ, ತಡೆದಳು. ಕೂಸಿನ ಈ ಕಿವಿಯನ್ನು ನೋಡಿದಳು. ತೊಟ್ಟಿಲ ಮೇಲೆ ಇನ್ನಷ್ಟು ಬಾಗಿ ಆ ಕಿವಿಯನ್ನು ನೋಡಿದಳು. ಹೆಸರು ಮರೆತಳೆಂದು ತಿಳಿದು ಐಶ್ವರ್ಯಾ ಎಡಗಡೆಯಿಂದಲೇ ಪಿಸುಗುಟ್ಟಿದಳು, ಅದು ಎಲ್ಲರಿಗೂ ಕೇಳಿಸಿತು, ಮಗಳಿಗೊಬ್ಬಳಿಗೆ ಕೇಳಿಸಲಿಲ್ಲ. ಅನ್ವಿತಾ ನೆಟ್ಟಗೆ ನಿಂತು ಅಜ್ಜಿಯ ಮುಖ ನೋಡಿದಳು.

“ಆಯಿ, ತಮ್ಮಗ ಯಾವ ಕಿವಿ ಕೇಳಸ್ತೈತಿ?”

ಗುದ್ದಲು ಎತ್ತಿದ ಕೈಗಳು ಹಾಗೆಯೇ ನಿಂತವು. ಐಶ್ವರ್ಯಾಳಿಗೆ ಮೊದಲು ಹೊಳೆದದ್ದು ಅದು ಇಡೀ ಒಂದು ವಾಕ್ಯ ಎಂಬುದು. ತುಣುಕಲ್ಲ, ಹೂಂ ಅಲ್ಲ, ತಲೆ ಬಾಲ ಎರಡೂ ಇರುವ ಪ್ರಶ್ನೆ. ಎರಡು ವರ್ಷದಿಂದ ಇದಕ್ಕೇ ಕಾದಿದ್ದಳು, ಕುಣಿದಾಡಬೇಕು ಎನಿಸಿತು. ಅದರ ಅರ್ಥ ಆಮೇಲೆ ತಲೆಗೆ ಹೋಯಿತು.

ಸೂಗಮ್ಮನಿಗೆ ನಗು ಬಂತು. “ಎರಡೂ ಕೇಳಸ್ತಾವ ನನ್ನವ್ವ. ಯಾವುದರಾಗರೆ ಹೇಳು.”

ಅನ್ವಿತಾ ನಗಲಿಲ್ಲ. ತಮಾಷೆ ಮಾಡುತ್ತಿದ್ದಾರೇನೋ ಎಂದು ಅಜ್ಜಿಯ ಬಾಯನ್ನೇ ದಿಟ್ಟಿಸಿದಳು. ಬಲಗೈಯಿಂದ ತನ್ನ ಎಡಗಿವಿಯನ್ನು ಹಿಡಿದುಕೊಂಡಳು. “ಈ ಕಿವಿನೂ?” ಎಂದು ಕೇಳಿದಳು. ಹೌದೆಂದು ಸೂಗಮ್ಮ ತಲೆಯಾಡಿಸಿದರು, ಆದರೆ ಅವರ ನಗು ಅರ್ಧಕ್ಕೆ ನಿಂತಿತ್ತು. ಮಗು ಸಿಂಚನಾಳ ಕಡೆ ತಿರುಗಿ, ಕಾಕಿ ನಿನಗ ಎಂದಿತು. ಸಿಂಚನಾ ಏನೂ ತಿಳಿಯದೆ, ನನಗೂ ಎರಡೂ ಕೇಳತ್ತೆ ಪುಟ್ಟಾ ಎಂದಳು. ಅಡಿಕೆಯ ದೊಡ್ಡಮ್ಮನನ್ನು ಕೇಳಿತು, ಅವರು ಎರಡು ಬೆರಳು ತೋರಿಸಿದರು. ಬಾಗಿಲ ಹತ್ತಿರ ಗಂಡಸರ ನಡುವೆ ನಿಂತಿದ್ದ ರಾಹುಲನ ಮೇಲೆ ಅದರ ಕಣ್ಣು ಬಿತ್ತು, ಪಪ್ಪಾ ನಿನಗ ಎಂದು ಅಲ್ಲಿಂದಲೇ ಕೂಗಿತು. ರಾಹುಲ ತಲೆ ತಗ್ಗಿಸಿದ.

ಲೋಕದಲ್ಲಿ ಎಲ್ಲರಿಗೂ ಒಂದೇ ಕಿವಿ ಕೇಳುತ್ತದೆ ಎಂದು ಮಗು ತಿಳಿದುಕೊಂಡಿತ್ತು. ಬೇರೆ ಹೇಗೆ ತಿಳಿದೀತು? ಹುಟ್ಟಿದಾಗಿನಿಂದ ಹಾಗೇ ಇದ್ದದ್ದಕ್ಕೆ ಅದೇ ಸರಿ ಎಂದುಕೊಂಡಿತ್ತು. ಹಾಗಲ್ಲ ಎಂದು ಅದಕ್ಕೆ ಹೇಳಬೇಕಾದವರು ಊರ ಬಾಯಿಗೆ ಹೆದರಿ ಮಗುವಿನಿಂದಲೇ ಮುಚ್ಚಿಟ್ಟಿದ್ದರು.

ಸೂಗಮ್ಮ ನಿಧಾನವಾಗಿ ಸೊಸೆಯ ಕಡೆ ನೋಡಿದರು. ಎರಡು ವರ್ಷದಿಂದ ತಾವು ತೆಲುಗನ್ನೂ ಹಿಂದಿಯನ್ನೂ ಬೈದದ್ದು, ಸೊಸೆ ಹೌದು ಹೌದೆಂದದ್ದು ಎಲ್ಲ ಒಟ್ಟಿಗೆ ನೆನಪಾಗಿರಬೇಕು. ಮುಖದಲ್ಲಿ ಸಿಟ್ಟಿತ್ತೋ ದುಃಖವಿತ್ತೋ ಐಶ್ವರ್ಯಾಳಿಗೆ ಗೊತ್ತಾಗಲಿಲ್ಲ, ನೋಡುವ ಧೈರ್ಯವೂ ಆಗಲಿಲ್ಲ. ನಂಟರು ಏನಂದಾರು ಎಂಬ ಭಯ ಮಾತ್ರ ಎಲ್ಲಿ ಹೋಯಿತೋ ತಿಳಿಯದು. ಅವಳಿಗೆ ಕಾಣುತ್ತಿದ್ದದ್ದು ಮಣೆಯ ಮೇಲೆ ನಿಂತಿದ್ದ ಹಸಿರು ಲಂಗವೊಂದೇ.

ಅನ್ವಿತಾ ಮಣೆಯಿಂದ ಇಳಿದು ತಾಯಿಯ ಹತ್ತಿರ ಬಂದಳು.

“ಮಮ್ಮಿ, ನಿನಗ?”

“ಎರಡೂ,” ಎಂದಳು ಐಶ್ವರ್ಯಾ. ಮಂಡಿಯೂರಿ ಕೂತು ಮಗಳ ಮುಖಕ್ಕೆ ಮುಖ ಕೊಟ್ಟಳು. “ಎಲ್ಲಾರಿಗೂ ಎರಡೂ ಕೇಳಸ್ತಾವ ಕೂಸ. ನಿನಗ ಒಂದ ಕೇಳಸ್ತೈತಿ. ಹುಟ್ಟಿದಾಗಿಂದ ಹಂಗ ಐತಿ.”

ಎಲ್ಲರ ಎದುರಿಗೆ ಹೇಳಿಬಿಟ್ಟಿದ್ದಳು. ಹಿಂದೆ ಯಾರೋ ಅಯ್ಯೋ ಎಂದರು, ಇನ್ನಾರೋ ಅವರನ್ನು ಸುಮ್ಮನಾಗಿಸಿದರು. ಮಗು ಅಳಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸಿತು. ಶಾಲೆಯಲ್ಲಿ ಟೀಚರು ಹೇಳಿದ್ದು ಮಿಕ್ಕ ಮಕ್ಕಳಿಗೆಲ್ಲ ಯಾಕೆ ತಿಳಿಯುತ್ತದೆ, ತನಗೆ ಯಾಕೆ ತಿಳಿಯುವುದಿಲ್ಲ ಎಂಬಂಥ ಎಷ್ಟು ಸಂಗತಿಗಳು ಆ ಸಣ್ಣ ತಲೆಯಲ್ಲಿ ಒಂದೊಂದಾಗಿ ಜಾಗ ಸೇರಿಕೊಳ್ಳುತ್ತಿದ್ದವೋ ಯಾರು ಬಲ್ಲರು. ಆಮೇಲೆ ಒಂದೊಂದೇ ಮಾತು ಜೋಡಿಸಿ ಕೇಳಿತು.

“ನನಗ ಯಾಕ ಹೇಳಲಿಲ್ಲ ನೀ?”

ಮೂರು ವರ್ಷದವಳಿದ್ದಾಗಿನಿಂದ ಮಗಳಿಗೆ ಬಂದ ಪ್ರಶ್ನೆಗಳಿಗೆಲ್ಲ ಚಟಪಟನೆ ಉತ್ತರ ಕೊಟ್ಟವಳು ಐಶ್ವರ್ಯಾ. ಈ ಸಲ ಕೇಳಿದವಳು ಮಗಳೇ. ನಿನಗಾಗಿ ಎನ್ನಲೇ? ಜನ ನಿನ್ನನ್ನು ಆಡಿಕೊಳ್ಳುತ್ತಾರೆಂದು ಎನ್ನಲೇ? ತುಟಿ ಅಲುಗಿತು, ಸದ್ದು ಹೊರಡಲಿಲ್ಲ. ಕಣ್ಣಿನಿಂದ ನೀರು ಮಾತ್ರ ಇಳಿಯಿತು.

ಅನ್ವಿತಾ ಅಲುಗುವ ಆ ತುಟಿಯನ್ನೇ ನೋಡಿದಳು. ಅಮ್ಮ ಏನೋ ಹೇಳಿದಳು, ತನಗೇ ಕೇಳಿಸಲಿಲ್ಲ ಎಂದುಕೊಂಡಳು. ಕೂದಲನ್ನು ಹಿಂದೆ ಸರಿಸಿ, ಬಲಗಿವಿಯನ್ನು ತಾಯಿಯ ಬಾಯಿಯ ಹತ್ತಿರ ತಂದು, ಕಾಯುತ್ತ ನಿಂತಳು.